ಗೊಂಬೆ ಕುದುರೆಗೂ ಮುದ್ರಕರ ಸಾಲು ಬೇಕು

ಮಾನ್ಯ ಸಂಪಾದಕರೇ,

ಗೌರಿ ಹುಣ್ಣಿಮೆಯ ಮರುದಿನ ನಿಮ್ಮ ಪತ್ರಿಕೆಯಲ್ಲಿ, ಕಟ್ಟಿಗೆಯ ಅಚ್ಚಿಗೆ ಪಾಕ ಸುರಿದು ಮಾಡುವ ಸಕ್ಕರೆ ಗೊಂಬೆಗಳ ಚಿತ್ರ ಬಂದಿತ್ತು. ಆರತಿ ತಟ್ಟೆಯ ನಡುವೆ ಬಿಳಿ ಕುದುರೆ, ಸುತ್ತ ಆನೆ, ಗಿಳಿ, ಮಂಟಪ. ಚಿತ್ರ ತೆಗೆದವರ ಹೆಸರು ಅಡಿಯಲ್ಲಿ ಸಣ್ಣ ಅಕ್ಷರದಲ್ಲಿತ್ತು. ಆ ಕುದುರೆಯ ಅಚ್ಚು ಕೆತ್ತಿದ ಬಡಿಗೇರನ ಹೆಸರು ಇರಲಿಲ್ಲ. ತಪ್ಪು ನಿಮ್ಮದಲ್ಲ. ಅಚ್ಚು ಇಟ್ಟುಕೊಂಡ ಮನೆಯವರಿಗೂ ಅದು ಗೊತ್ತಿರಲಿಕ್ಕಿಲ್ಲ. ನಾನು ಪತ್ರ ಬರೆಯಲು ಕೂತದ್ದು ಅದಕ್ಕಾಗಿಯೇ.

ನಾನು ಗದಗಿನ ಪ್ರೆಸ್ಸುಗಳಲ್ಲಿ ಮೂವತ್ತೆಂಟು ವರ್ಷ ದುಡಿದವನು. ಅಕ್ಷರದ ಮೊಳೆ ಜೋಡಿಸುವುದರಿಂದ ಶುರುಮಾಡಿ ಆಫ್‌ಸೆಟ್ ಮಷಿನ್ನಿನ ಮುಂದೆ ನಿವೃತ್ತನಾದೆ. ನಮ್ಮಪ್ಪ ಗದಗ ಸ್ಟೇಷನ್ನಿನ ಮುಂದೆ ಟಾಂಗಾ ಹೊಡೆಯುತ್ತಿದ್ದ. ಮನೆಯ ಕುದುರೆ ಸತ್ತ ಮೇಲೆ ಮತ್ತೊಂದು ಕೊಳ್ಳುವ ಶಕ್ತಿ ಅಪ್ಪನಿಗೆ ಇರಲಿಲ್ಲ, ಟಾಂಗಾ ಮಾರಿದ. ನಾನು ಮೊದಲ ಪಗಾರದಲ್ಲಿ ತೋಂಟದಾರ್ಯ ಮಠದ ಜಾತ್ರೆಯಿಂದ ಒಂದು ಪ್ಲಾಸ್ಟಿಕ್ ಕುದುರೆ ತಂದು ಅಪ್ಪನ ಮುಂದಿಟ್ಟೆ. ಅವ ಅದನ್ನು ತಿರುವಿ ತಿರುವಿ ನೋಡಿ, "ಈ ಕುದರಿ ಎರಡು ಹೆಜ್ಜಿ ಇಟ್ಟರ ಬೀಳತೈತಿ ತಮ್ಮಾ" ಅಂದ. ಅದರ ಎಡಗಡೆಯ ಎರಡೂ ಕಾಲು ಒಟ್ಟಿಗೆ ಮೇಲೆದ್ದಿದ್ದವು. ಟಾಂಗಾ ಕುದುರೆ ಓಡುವಾಗ ಎಡ ಮುಂಗಾಲಿನ ಜೊತೆ ಏಳುವುದು ಬಲ ಹಿಂಗಾಲು. ಅಂದಿನಿಂದ ಯಾವ ಕುದುರೆಯ ಗೊಂಬೆ ಕಂಡರೂ ನಾನು ಮೊದಲು ಕಾಲು ನೋಡುತ್ತೇನೆ, ಆಮೇಲೆ ಹೊಟ್ಟೆಯ ಕೆಳಗೆ ನೋಡುತ್ತೇನೆ. ಈಗ ನನ್ನ ಕಪಾಟಿನಲ್ಲಿ ನೂರಾ ನಲವತ್ತಮೂರು ಕುದುರೆಗಳಿವೆ.

ಹೊಟ್ಟೆಯ ಕೆಳಗೆ ನೋಡುವುದು ಪ್ರೆಸ್ಸಿನ ಚಾಳಿ. ಹಿಂದೂಸ್ಥಾನದಲ್ಲಿ ಅಚ್ಚಾದ ಪುಸ್ತಕ, ಪತ್ರಿಕೆಗಳ ಮೇಲೆ ಮುದ್ರಕರ ಹೆಸರು ಮತ್ತು ಊರು ಇರಲೇಬೇಕೆಂದು 1867ರ ಕಾಯ್ದೆ ಹೇಳಿತ್ತು. ನಿಮ್ಮ ಪತ್ರಿಕೆಯಲ್ಲೂ ಆ ಸಾಲು ಇದ್ದೇ ಇದೆ. ಕಾಯ್ದೆಯ ಮಾತು ಬಿಡಿ, ಲಗ್ನಪತ್ರಿಕೆಯ ಅಡಿಯಲ್ಲೂ ನಾವು ಪ್ರೆಸ್ಸಿನ ಹೆಸರು ಕೂಡಿಸುತ್ತಿದ್ದೆವು. ಐವತ್ತು ವರ್ಷದ ಹಿಂದಿನ ಲಗ್ನಪತ್ರಿಕೆ ಕೈಗೆ ಸಿಕ್ಕರೆ ಮದುಮಕ್ಕಳ ಹೆಸರಿಗಿಂತ ಮೊದಲು ನನ್ನ ಕಣ್ಣು ಹೋಗುವುದು ಆ ಸಾಲಿಗೆ. ಅದು ಇದ್ದರೆ ಯಾರ ಕೈಕೆಲಸ ಎಂಬುದು ಉಳಿಯಿತು, ಇಲ್ಲದಿದ್ದರೆ ಕಾಗದವಷ್ಟೇ ಉಳಿಯಿತು.

ಹುಬ್ಬಳ್ಳಿಯ ಒಂದು ಆಟಿಕೆ ಅಂಗಡಿಯಲ್ಲಿ ಮೊಮ್ಮಗಳಿಗೆಂದು ಗೇಣಿಗಿಂತ ಚಿಕ್ಕದೊಂದು ಕುದುರೆ ಕೊಂಡೆ. ಜರ್ಮನಿಯ ಶ್ಲೈಖ್ ಕಂಪನಿಯದು. ಕಾಲು ಸರಿಯಾಗಿದ್ದವು, ಅಪ್ಪನಿಗೂ ಒಪ್ಪಿಗೆಯಾಗುತ್ತಿತ್ತು. ಭೂತಗನ್ನಡಿ ಹಿಡಿದು ಹೊಟ್ಟೆಯ ಕೆಳಗೆ ನೋಡಿದರೆ ಕಂಪನಿಯ ಹೆಸರು, ದೇಶ, ಇಸವಿ, ಜೊತೆಗೆ "ಡಿ-73527" ಎಂಬ ಸಂಖ್ಯೆ. ಅದು ಏನೆಂದು ಮಗನಿಂದ ಹುಡುಕಿಸಿದೆ. ಆ ಕಂಪನಿಯ ಊರಿನ ಪಿನ್ ಕೋಡ್! ಅಂಗೈಯಲ್ಲಿ ಮುಚ್ಚಿಹೋಗುವ ಆಟಿಕೆ ತನ್ನ ಊರಿನ ವಿಳಾಸ ಹೊತ್ತುಕೊಂಡು ಹುಬ್ಬಳ್ಳಿಯವರೆಗೆ ಬಂದಿತ್ತು.

ಅಮೆರಿಕದಲ್ಲಿರುವ ತಂಗಿಯ ಮಗಳು ಅಲ್ಲಿಯ ಹಳೆ ಸಾಮಾನಿನ ಅಂಗಡಿಯಿಂದ ಬ್ರೇಯರ್ ಎಂಬ ಕಂಪನಿಯ ಆಟಿಕೆ ಕುದುರೆಯೊಂದನ್ನು ತಂದುಕೊಟ್ಟಳು. ಒಂದು ಅಡಿ ಉದ್ದ, ಕಂದು ಮೈ, ಕಿವಿಯ ತುದಿಯಲ್ಲಿ ಬಣ್ಣ ಸವೆದು ಒಳಗಿನ ಬಿಳುಪು ಕಾಣುತ್ತದೆ. ಹಿಂಗಾಲಿನ ಒಳಮೈಯಲ್ಲಿ ದುಂಡನೆಯ ಮುದ್ರೆ. ಈ ಕಂಪನಿ 1950ರಲ್ಲಿ ಒಂದು ಗಡಿಯಾರ ಕಂಪನಿಗಾಗಿ, ಗಡಿಯಾರದ ಮೇಲೆ ನಿಲ್ಲಿಸಲು, ತನ್ನ ಮೊದಲ ಕುದುರೆ ಮಾಡಿತಂತೆ. ಆ ಕೆಲಸ ಮುಗಿದ ಮೇಲೆ ಅಚ್ಚು ಬ್ರೇಯರ್‌ನವರ ಕೈಯಲ್ಲೇ ಉಳಿಯಿತು, ಕುದುರೆಯ ವ್ಯಾಪಾರ ಅಲ್ಲಿಂದ ಬೆಳೆಯಿತು. ಪ್ರತಿ ಅಚ್ಚಿಗೂ ಒಂದು ನಂಬರು. 1960ರ ದಶಕದಲ್ಲಿ ನೀಲಿ ಮತ್ತು ಬಂಗಾರದ ಬಣ್ಣದ ಕೆಲವು ಕುದುರೆ ಮಾಡಿದರು. ಆಗ ಅವನ್ನು ಕೇಳುವವರಿರಲಿಲ್ಲ. ಇಂದು ಅಲ್ಲಿಯ ಸಂಗ್ರಾಹಕರು ಅವಕ್ಕಾಗಿ ಹಂಬಲಿಸುತ್ತಾರೆ. ಯಾವುದು ಯಾವಾಗಿನದು ಎಂದು ಅವರು ಹೇಳಬಲ್ಲದ್ದು ಮುದ್ರೆ ಮತ್ತು ನಂಬರು ಇರುವುದರಿಂದ. ಇನ್ನೊಂದು ಮಾತು: ಆ ಕುದುರೆಯ ವಸ್ತು ಸೆಲ್ಯುಲೋಸ್ ಅಸಿಟೇಟ್, ಹತ್ತಿ ಅಥವಾ ಕಟ್ಟಿಗೆಯ ನಾರಿನಿಂದ ಮಾಡುವಂಥದು. ಹಳೆಯ ಸಿನಿಮಾ ರೀಲುಗಳಲ್ಲಿ ಎಷ್ಟೋ ಇದರವೇ. ಕೆಟ್ಟರೆ ವಿನೆಗರ್ ವಾಸನೆ ಬರುತ್ತದೆ. ನಮ್ಮ ಏಪ್ರಿಲ್ ಬಿಸಿಲಿಗೆ ತಗಡಿನ ಮಾಡಿನ ಕೆಳಗೆ ಇಂಥವನ್ನು ಇಡಬಾರದು.

ಈಗ ನಮ್ಮ ಕಡೆಯ ಕುದುರೆಗಳಿಗೆ ಬರುತ್ತೇನೆ.

ಬೆಟಗೇರಿಯ ಒಂದು ಹಳೆ ಮನೆ ಕೆಡವುವಾಗ ಅಟ್ಟದ ಮೇಲಿನಿಂದ, ಕೊಪ್ಪಳದ ಹತ್ತಿರ ಕಟ್ಟಿಗೆ ಗೊಂಬೆಗೆ ಹೆಸರಾದ ಕಿನ್ನಾಳದ ಕುದುರೆಯೊಂದು ಸಿಕ್ಕಿತು. ಮನೆಯವರು ನನ್ನ ಹುಚ್ಚು ಗೊತ್ತಿದ್ದವರು, ಕರೆದು ಕೊಟ್ಟರು. ಹಗುರ ಕಟ್ಟಿಗೆ, ಮೇಲೆ ಹುಣಸೆಬೀಜದ ಅಂಟು ಹಾಕಿದ ಲೇಪ, ಅದರ ಮೇಲೆ ಬಣ್ಣ. ಜೀನಿನ ಅಂಚಿನಲ್ಲಿ ತವರದ ಹೊಳಪು ಇನ್ನೂ ಉಳಿದಿತ್ತು. ಒಂದು ಮುಂಗಾಲು ಮೊಣಕಾಲಿಗೆ ಮುರಿದಿತ್ತು. ಮಗುಚಿದರೆ ಪೀಠದ ಅಡಿಯಲ್ಲಿ ಮಸಿಯಿಂದ ಬರೆದ ಎರಡು ಸಾಲು. ಮಸುಕಾಗಿದ್ದರೂ ಒಂದು ಹೆಸರು, ಒಂದು ಇಸವಿ ಎಂದು ತಿಳಿಯುತ್ತಿತ್ತು. ಹಗಲು ಬೆಳಕಿನಲ್ಲಿ ನಿಧಾನ ಓದೋಣವೆಂದು ಬಿಟ್ಟೆ. ಮರುದಿನ ಮಗಳ ಹೆರಿಗೆಯ ಗಡಿಬಿಡಿ. ಕಾಲು ಜೋಡಿಸಲು ಒಬ್ಬ ಪೇಂಟರಿಗೆ ಕುದುರೆ ಕೊಟ್ಟು ಹೋದೆ. ವಾರ ಬಿಟ್ಟು ಬಂದು ನೋಡಿದರೆ ಕಾಲೇನೋ ಕೂಡಿತ್ತು, ಆದರೆ ಮೈತುಂಬ ಉಪ್ಪುಕಾಗದ ತಿಕ್ಕಿ ಹೊಳೆಯುವ ಎನಾಮಲ್ ಬಳಿದಿದ್ದರು. ಪೀಠದ ಅಡಿಗೂ. ಅವರು ಒಳ್ಳೆಯದಾಗಲೆಂದೇ ಮಾಡಿದ್ದು, ದುಡ್ಡು ಸಹ ಹೆಚ್ಚು ಕೇಳಲಿಲ್ಲ. ನನಗೆ ನೆನಪಿರುವುದು ಹೆಸರಿನ ಮೊದಲಕ್ಷರ "ವೀ" ಅಷ್ಟೇ. ಹನ್ನೊಂದು ವರ್ಷವಾಯಿತು, ಆ ಕುದುರೆ ಕಪಾಟಿನ ಮೇಲಿನ ಸಾಲಿನಲ್ಲಿದೆ. ನೋಡಿದಾಗಲೆಲ್ಲ ಹೊಟ್ಟೆಯಲ್ಲಿ ಸಂಕಟವಾಗುತ್ತದೆ. ಗೊಂಬೆ ಮಾಡುವ ಒಬ್ಬ ಚಿತ್ರಗಾರನ ಹೆಸರು ಅಷ್ಟು ವರ್ಷ ಅಟ್ಟದ ಮೇಲೆ ಬದುಕಿತ್ತು, ನನ್ನ ಕೈಗೆ ಬಂದ ಮೇಲೆ ಅಳಿಸಿಹೋಯಿತು.

ಕಿನ್ನಾಳದ ಆಟಿಕೆಗಳಿಗೆ ಭೌಗೋಳಿಕ ಸೂಚಿಕೆಯ ಗುರುತು ಸಿಕ್ಕಿದೆ, ಬಹಳ ಸಂತೋಷ. ಅದು ಊರನ್ನು ಹೇಳುತ್ತದೆ. ಕೈ ಯಾರದೆಂದು ಹೇಳುವುದಿಲ್ಲ. ಬಂಗಾಳದ ಬಾಂಕುರಾದ ಸುಟ್ಟ ಮಣ್ಣಿನ ಕುದುರೆಯದೂ ಇದೇ ಕಥೆ. ಮಗ ಕೋಲ್ಕತ್ತದಿಂದ ತಂದ ಜೋಡಿಯ ಕಿವಿಗಳು ಬೇರೆ ಪೊಟ್ಟಣದಲ್ಲಿ ಸುತ್ತಿ ಬಂದವು, ತಲೆಯ ತೂತಿನಲ್ಲಿ ನಾವೇ ಸಿಗಿಸಬೇಕು. ಅಖಿಲ ಭಾರತ ಕರಕುಶಲ ಮಂಡಳಿಯ ಲಾಂಛನವಾಗಿದ್ದ ಕುದುರೆ ಅದು. ಅದನ್ನು ತಿರುಗಿಸಿ ಸುಟ್ಟ ಕುಂಬಾರನ ಹೆಸರು ಎಲ್ಲೂ ಇಲ್ಲ.

ಎಲ್ಲ ಗೊಂಬೆಗೂ ಹೆಸರು ಬೇಕೆಂದು ನಾನು ಹೇಳುತ್ತಿಲ್ಲ. ಮಣ್ಣೆತ್ತಿನ ಅಮಾವಾಸ್ಯೆಯ ಎತ್ತುಗಳು ನೀರಿಗೆ ಹೋಗುವಂಥವು, ಸಕ್ಕರೆ ಕುದುರೆ ಮಕ್ಕಳ ಬಾಯಿಗೆ ಹೋಗುವಂಥದು. ಅಚ್ಚು ಮಾತ್ರ ಉಳಿಯುವಂಥದು. ನಮ್ಮವ್ವ ಲಕ್ಷ್ಮೇಶ್ವರದ ತವರಿನಿಂದ ತಂದ ಕುದುರೆ ಅಚ್ಚು ನಮ್ಮ ಮನೆಯಲ್ಲಿದೆ. ಸಾಗವಾನಿಯ ಎರಡು ಹೋಳು. ಹುಣ್ಣಿಮೆಯ ಹಿಂದಿನ ರಾತ್ರಿ ಅವ್ವ ಅದನ್ನು ನೀರಿನಲ್ಲಿ ನೆನೆಯಿಡುತ್ತಿದ್ದಳು, ಒಣ ಅಚ್ಚಿಗೆ ಪಾಕ ಕಚ್ಚಿಕೊಳ್ಳುತ್ತದೆ. ಕುದಿಯುವ ಪಾಕಕ್ಕೆ ಹಾಲು ಬಿಟ್ಟು ಕೊಳೆ ತೆಗೆದು, ಬೆಳ್ಳಗೆ ಆಗುವವರೆಗೆ ತಿರುವಿ, ದಾರ ಸುತ್ತಿದ ಅಚ್ಚನ್ನು ತಲೆಕೆಳಗಾಗಿ ನಿಲ್ಲಿಸಿ ಅಡಿಯಿಂದ ಸುರಿಯುತ್ತಿದ್ದಳು. ಆರಿದ ಮೇಲೆ ದಾರ ಬಿಚ್ಚುವ ಹೊತ್ತಿಗೆ ನಾವು ಮಕ್ಕಳೆಲ್ಲ ಉಸಿರು ಹಿಡಿದು ನಿಲ್ಲುತ್ತಿದ್ದೆವು. ಎಡಗಿವಿಯ ಜಾಗದಲ್ಲಿ ಅಚ್ಚು ಸವೆದಿದ್ದರಿಂದ ನಮ್ಮ ಮನೆಯ ಕುದುರೆಗಳಿಗೆಲ್ಲ ಎಡಗಿವಿ ಮೊಂಡು. ಅಕ್ಕನನ್ನು ನೋಡಿ ಹೋದ ಬೀಗರ ಮನೆಯಿಂದ ಬಂದ ಸಕ್ಕರೆ ಆರತಿಯಲ್ಲಿ ಎರಡೂ ಕಿವಿ ಇದ್ದ ಕುದುರೆ ಕಂಡು ನನಗೆ ಅದೇ ತಪ್ಪು ಅನ್ನಿಸಿತ್ತು.

ಇಂಥ ಅಚ್ಚುಗಳು ಈಗ ಒಲೆಗೆ ಹೋಗುತ್ತಿವೆ, ಇಲ್ಲವೆ ಗುಜರಿಗೆ. ಓದುಗರಲ್ಲಿ ನನ್ನ ಕೋರಿಕೆ ಇಷ್ಟು. ಮನೆಯಲ್ಲಿ ಹಳೆ ಅಚ್ಚು, ಕಟ್ಟಿಗೆ ಕುದುರೆ, ಹಿತ್ತಾಳೆ ಕುದುರೆ ಏನಿದ್ದರೂ ದಯವಿಟ್ಟು ಬಣ್ಣ ಹಚ್ಚಬೇಡಿ, ಸೋಪು ಹಾಕಿ ತೊಳೆಯಬೇಡಿ, ಹುಣಸೆಹಣ್ಣು ಹಚ್ಚಿ ತಿಕ್ಕಬೇಡಿ. ಒಣ ಮೆತ್ತನೆ ಬಟ್ಟೆ ಸಾಕು. ಅಜ್ಜಿ ಇರುವಾಗಲೇ ಕೇಳಿ: ಯಾರು ಮಾಡಿದ್ದು, ಯಾವ ಸಂತೆಯದು, ಯಾವ ವರ್ಷದ್ದು. ಸಣ್ಣ ಚೀಟಿಯಲ್ಲಿ ಪೆನ್ಸಿಲ್ಲಿನಿಂದ ಬರೆದು ಕಾಲಿಗೆ ದಾರ ಕಟ್ಟಿ ತೂಗಿಬಿಡಿ. ಬಾಲ್ ಪೆನ್ನಿನ ಶಾಯಿ ಹಬ್ಬುತ್ತದೆ, ಸೆಲ್ಲೋ ಟೇಪಿನ ಅಂಟು ಕಲೆ ಬಿಡುತ್ತದೆ. ಈಗ ಗೊಂಬೆ ಮಾಡುತ್ತಿರುವ ಚಿತ್ರಗಾರರು, ಬಡಿಗೇರರು ಪೀಠದ ಅಡಿಯಲ್ಲಿ ತಮ್ಮ ಹೆಸರು, ಊರು, ಇಸವಿ ಹಾಕಲಿ. ಕೊಳ್ಳುವವರು ಅದನ್ನು ಕೇಳಿ ಹಾಕಿಸಿಕೊಳ್ಳಲಿ. ನೀವು ಚಿತ್ರ ಅಚ್ಚು ಹಾಕುವಾಗ ಅಡಿಬರಹದಲ್ಲಿ ಆ ಹೆಸರಿಗೂ ಜಾಗ ಕೊಡಿ.

ಅವ್ವನ ಅಚ್ಚಿಗೂ ನಾನು ಚೀಟಿ ಕಟ್ಟಿದ್ದೇನೆ. ಲಕ್ಷ್ಮೇಶ್ವರ, ಸಾಗವಾನಿ, ಅವ್ವನ ಮದುವೆಯ ವರ್ಷ 1958 ಎಂದು ಬರೆದು, ಮಾಡಿದವರ ಹೆಸರಿನ ಜಾಗ ಖಾಲಿ ಬಿಟ್ಟಿದ್ದೇನೆ. ಅಚ್ಚಿನ ಹೊರಮೈಯಲ್ಲಿ ಹೆಬ್ಬೆರಳ ಉಗುರಿನಷ್ಟು ದೊಡ್ಡದಾದ ಬಾಚಿಯ ಆಕಾರದ ಗುರುತು, ಅದರ ಮಗ್ಗುಲಿಗೆ ಮೂರು ಗೀರು ಕೆತ್ತಿದ್ದಾರೆ. ಲಕ್ಷ್ಮೇಶ್ವರ, ಶಿರಹಟ್ಟಿ, ಸವಣೂರು ಕಡೆಯ ಯಾರ ಮನೆಯಲ್ಲಾದರೂ ಇದೇ ಗುರುತಿನ ಅಚ್ಚು ಇದ್ದರೆ, ಕೆತ್ತಿದವರು ಯಾರೆಂದು ಹಿರಿಯರಿಗೆ ನೆನಪಿದ್ದರೆ, ಇದೇ ಅಂಕಣಕ್ಕೆ ಒಂದು ಸಾಲು ಬರೆಯಿರಿ.

ಇತಿ ತಮ್ಮ ವಿಶ್ವಾಸಿ,
ನಿವೃತ್ತ ಮುದ್ರಣ ಕಾರ್ಮಿಕ, ಗದಗ-ಬೆಟಗೇರಿ