ಕೇಳಿಸುವ ಬಣ್ಣ ಕ್ಯಾಮೆರಾಗೆ ಸಿಗುವುದಿಲ್ಲ

ಮಾನ್ಯ ಸಂಪಾದಕರೇ,

ನಿಮ್ಮ ವಾರದ ಪುರವಣಿಯಲ್ಲಿ ಸಿನೆಸ್ತೇಶಿಯಾ ಕುರಿತು ಬಂದ ಲೇಖನ ಓದಿದೆ. ಕಿವಿಗೆ ಬಿದ್ದದ್ದು ಬಣ್ಣವಾಗಿಯೂ ಕಾಣುವ, ಅಕ್ಷರ ಅಂಕಿಗಳಿಗೆ ತಮ್ಮದೇ ಬಣ್ಣವಿರುವ ಈ ಸ್ಥಿತಿಯ ಬಗ್ಗೆ ಕನ್ನಡದಲ್ಲಿ ಬರೆಯುವವರೇ ಕಡಿಮೆ. ಹಾಗಾಗಿ ಖುಷಿಯಾಯಿತು. ಆದರೆ ಜೊತೆಗಿದ್ದ ಫೋಟೊ ನೋಡಿ ಕಿರಿಕಿರಿಯಾಯಿತು. ನೇರಳೆ ಕಾಡು, ಗುಲಾಬಿ ಆಕಾಶ, ಹಕ್ಕಿಯ ಕೊಕ್ಕಿನಿಂದ ಹೊರಟ ಕಾಮನಬಿಲ್ಲು. ಕೆಳಗೆ ‘ಶಬ್ದದ ಬಣ್ಣಗಳು ಕ್ಯಾಮೆರಾದಲ್ಲಿ ಸೆರೆ’ ಎಂಬ ಸಾಲು. ನೆನಪಿರುವ ಕಾಲದಿಂದಲೂ ನನಗೆ ಸಿನೆಸ್ತೇಶಿಯಾ ಇದೆ. ಚಿತ್ರ ಬರೆಯುತ್ತೇನೆ, ಹಕ್ಕಿ ಹುಳುಗಳ ಫೋಟೊ ತೆಗೆಯುತ್ತೇನೆ. ನನ್ನ ತಕರಾರು ಆ ಒಂದು ಸಾಲಿನ ಮೇಲೆ.

ಮಡಿವಾಳ ಹಕ್ಕಿ ಬೆಳಗಿನ ಜಾವ ಒಣಕೊಂಬೆಯ ತುದಿಗೆ ಬಂದು ಕೂತು ಹಾಡತೊಡಗಿದರೆ ನನಗೆ ನಿಂಬೆಹಳದಿಯ ಎಳೆಗಳು ಕಾಣುತ್ತವೆ. ಸ್ವರ ಏರಿದಲ್ಲಿ ಎಳೆಯ ತುದಿ ತಿಳಿನೀಲಿಗೆ ತಿರುಗುತ್ತದೆ. ಸಿಳ್ಳೆ ನಿಂತರೆ ಎಳೆಯೂ ಇಲ್ಲ. ಹಾಡುವ ಹಕ್ಕಿ ಮಾತ್ರ ಅಪ್ಪಟ ಕಪ್ಪು ಬಿಳಿ. ಕ್ಯಾಮೆರಾದೊಳಗೆ ಚಿತ್ರ ಹಿಡಿಯುವ ಸೆನ್ಸರ್‌ಗೆ ತಾಗುವುದು ಬೆಳಕು; ಅದಕ್ಕೆ ಸಿಗುವುದು ಆ ಕಪ್ಪು ಬಿಳಿ ಹಕ್ಕಿ, ಹಿಂದೆ ಒಂದಿಷ್ಟು ಮಂಜು. ಎಷ್ಟೇ ದುಬಾರಿ ಲೆನ್ಸ್ ಹಾಕಿದರೂ ನನ್ನ ಹಳದಿ ಎಳೆ ಅದರೊಳಗೆ ಇಳಿಯುವುದಿಲ್ಲ. ‘ಕಣ್ಣೆದುರಿಗೇ ಬಣ್ಣ ತೇಲಾಡುತ್ತಾ?’ ಎಂದು ಎಲ್ಲರೂ ಕೇಳುತ್ತಾರೆ. ಕೆಲವರಿಗೆ ಹಾಗೆ ಹೊರಗೇ ಕಾಣುವುದುಂಟು. ನನ್ನಂಥ ಹೆಚ್ಚಿನವರಿಗೆ ಅದು ಮನಸ್ಸಿನೊಳಗೇ ಕಾಣುವಂಥದ್ದು. ಫೋಕಸ್ ಮಾಡಲು ಅಡ್ಡ ಬರುವುದಿಲ್ಲ, ಬೇಡವೆಂದರೆ ಹೋಗುವುದೂ ಇಲ್ಲ. (ಇನ್ನೊಂದು ತಪ್ಪದ ಪ್ರಶ್ನೆ: ‘ನನ್ನ ಹೆಸರು ಯಾವ ಬಣ್ಣ?’ ‘ಹಳಸಿದ ಬೂದು’ ಎಂದು ನಿಜ ಹೇಳಿ ಒಬ್ಬರ ಮುನಿಸು ಕಟ್ಟಿಕೊಂಡ ಮೇಲೆ ಎಲ್ಲರಿಗೂ ನೀಲಿ ಎನ್ನುತ್ತೇನೆ.)

ಕ್ಯಾಮೆರಾ ಹಿಡಿದವಳಿಗೆ ಕಾಟ ಕೊಡುವುದು ಕ್ಯಾಮೆರಾದ್ದೇ ಸದ್ದು. ಮೆಕ್ಯಾನಿಕಲ್ ಶಟರ್ ‘ಟಕ್’ ಎಂದರೆ ನನಗೊಂದು ಕಡುಬೂದು ಚೌಕ. ಬಟನ್ ಒತ್ತಿ ಹಿಡಿದು ಸೆಕೆಂಡಿಗೆ ಹತ್ತು ಚಿತ್ರ ತೆಗೆದರೆ ಚೌಕಗಳು ಸಾಲುಗಟ್ಟಿ ಬಂದು ಹಾಡಿನ ಹಳದಿಯನ್ನೆಲ್ಲ ಮುಚ್ಚಿಬಿಡುತ್ತವೆ. ಮಿರರ್‌ಲೆಸ್ ಕ್ಯಾಮೆರಾ ಕೊಂಡದ್ದು ಮುಖ್ಯವಾಗಿ ಇದಕ್ಕೇ. ಅದರ ಎಲೆಕ್ಟ್ರಾನಿಕ್ ಶಟರ್‌ಗೆ ಸದ್ದಿಲ್ಲ, ಸದ್ದಿಲ್ಲದ ಮೇಲೆ ಚೌಕವೂ ಇಲ್ಲ, ಹಕ್ಕಿಗೂ ಹಿತ. ಅದಕ್ಕೆ ಅದರದೇ ಕೊರತೆ ಇದೆ ಬಿಡಿ. ಸೆನ್ಸರ್ ಚಿತ್ರವನ್ನು ಸಾಲುಸಾಲಾಗಿ ಓದಿ ಮುಗಿಸುವಷ್ಟರಲ್ಲಿ ಸೂರಕ್ಕಿಯ ರೆಕ್ಕೆ ಎಲ್ಲಿಂದೆಲ್ಲಿಗೋ ಹೋಗಿರುತ್ತದೆ, ಚಿತ್ರದಲ್ಲಿ ಅದು ಸೊಟ್ಟಗೆ ಬಾಗಿ ಕಾಣುತ್ತದೆ. ಹಾಗಾಗಿ ಕೂತು ಹಾಡುವ ಹಕ್ಕಿಗೆ ಸದ್ದಿಲ್ಲದ ಶಟರ್, ಹಾರುವ ಹಕ್ಕಿಗೆ ಬೂದು ಚೌಕಗಳನ್ನು ಸಹಿಸಿಕೊಂಡು ಹಳೆಯದೇ.

ಉಪಯೋಗವೇ ಇಲ್ಲವೆಂದಲ್ಲ. ಕುಟ್ರು ಹಕ್ಕಿ ಎಲೆಗಳ ನಡುವೆ ಕೂತರೆ ಹಸಿರಲ್ಲಿ ಹಸಿರು, ಕಣ್ಣಿಗೆ ಬೀಳುವುದೇ ಕಷ್ಟ. ಆದರೆ ಎರಡು ಕುಟ್ರುಗಳು ಒಂದಕ್ಕೊಂದು ದನಿಗೂಡಿಸಿದರೆ ಒಂದರದು ಇಟ್ಟಿಗೆ ಬಣ್ಣ, ಇನ್ನೊಂದರದು ಅದಕ್ಕಿಂತ ಒಂದು ಪಾಲು ಗಾಢ. ಮರದಲ್ಲಿ ಎರಡಿವೆ ಎಂಬುದು ಹುಡುಕುವ ಮೊದಲೇ ಗೊತ್ತಾಗುತ್ತದೆ. ಇಷ್ಟೇ ಲಾಭ. ಕಿವಿ ಪಳಗಿದ ಯಾವ ಪಕ್ಷಿವೀಕ್ಷಕರೂ ಬಣ್ಣದ ಹಂಗಿಲ್ಲದೆ ಇದನ್ನು ಮಾಡುತ್ತಾರೆ.

ತೆಗೆದ ಚಿತ್ರವನ್ನು ಕಂಪ್ಯೂಟರಿನಲ್ಲಿ ತಿದ್ದುವಾಗ ನಾನು ಹಾಡು ಹಾಕುವುದಿಲ್ಲ. ಕೊಳಲು ನನಗೆ ತಣ್ಣನೆಯ ಹಸಿರು. ಅದು ಕೇಳುತ್ತಿದ್ದರೆ ಪರದೆಯ ಮೇಲಿನ ಹಸಿರು ಸಾಕೋ ಸಾಲದೋ ಎಂಬ ಅಂದಾಜೇ ಕೆಡುತ್ತದೆ. ಕಾಡಿನಲ್ಲಿ ಗ್ರೇ ಕಾರ್ಡ್ (ಬಣ್ಣ ಅಳೆಯಲು ಬಳಸುವ ಬೂದು ರಟ್ಟು) ಹಿಡಿದು ಒಂದು ಚಿತ್ರ ತೆಗೆದಿಟ್ಟುಕೊಳ್ಳುತ್ತೇನೆ, ವೈಟ್ ಬ್ಯಾಲೆನ್ಸ್, ಅಂದರೆ ಬೆಳಕಿಗೆ ತಕ್ಕಂತೆ ಬಣ್ಣ ಸರಿಪಡಿಸುವ ವಿಷಯದಲ್ಲಿ ಅದು ಹೇಳಿದ್ದೇ ಅಂತಿಮ. ನಿಸರ್ಗದ ಫೋಟೊದಲ್ಲಿ ಎಲೆಯ ಹಸಿರು ಎಲೆಯದ್ದಾಗಿರಬೇಕು, ನನ್ನದಲ್ಲ. ದೊಡ್ಡ ವನ್ಯಜೀವಿ ಛಾಯಾಗ್ರಹಣ ಸ್ಪರ್ಧೆಗಳು ಆಯ್ಕೆಯ ಹಂತದಲ್ಲಿ ಕ್ಯಾಮೆರಾದ ತಿದ್ದದ ಮೂಲ ಕಡತವಾದ ರಾ ಫೈಲ್ ಕೇಳುವುದು ಸುಮ್ಮನೆ ಅಲ್ಲ.

ನನ್ನ ಬಣ್ಣಗಳಿಗೆ ಜಾಗವಿರುವುದು ಕಾಗದದ ಮೇಲೆ. ಅಲ್ಲೂ ಅವು ಸುಲಭಕ್ಕೆ ಬಗ್ಗುವುದಿಲ್ಲ. ಕೋಗಿಲೆಯನ್ನೇ ತೆಗೆದುಕೊಳ್ಳಿ. ಒಂದೊಂದು ಕೂಗಿಗೂ ದನಿ ಮೇಲೇರುತ್ತದೆ, ಜೊತೆಗೇ ಬಣ್ಣ ಬದನೆಯ ನೇರಳೆಯಿಂದ ಹೊರಟು ಕಣ್ಣು ಚುಚ್ಚುವ ಕಿತ್ತಳೆಗೆ ಮುಟ್ಟಿ ಪಟ್ಟನೆ ಕಡಿದುಹೋಗುತ್ತದೆ. ಕೇಳುವಾಗ ಒಂದಾದ ಮೇಲೊಂದು ಬಂದ ಬಣ್ಣಗಳು ಹಾಳೆಯಲ್ಲಿ ಒಟ್ಟಿಗೆ ಕೂರಬೇಕು. ಜಲವರ್ಣದಲ್ಲಿ ಹಸಿ ನೇರಳೆಗೆ ಹಸಿ ಕಿತ್ತಳೆ ತಾಗಿದರೆ ಸಿಗುವುದು ಕೆಸರು. ಪ್ರತಿ ಪದರ ಒಣಗುವವರೆಗೆ ಕಾದು, ನಡುವೆ ಕೂದಲೆಳೆಯಷ್ಟು ಬಿಳಿ ಬಿಟ್ಟು ಬರೆಯುತ್ತೇನೆ. ಆದರೂ ಅದು ಕೂಗಿನ ಚಿತ್ರವಾಗುತ್ತದೆಯೇ ಹೊರತು ಕೂಗುವುದಿಲ್ಲ. ಫ್ರಾನ್ಸಿನ ಸಂಗೀತ ರಚನಕಾರ ಒಲಿವಿಯೇ ಮೆಸ್ಸಿಯಾನ್ ಹಕ್ಕಿಗಳ ಹಾಡನ್ನು ಅವುಗಳ ತಾಣಕ್ಕೇ ಹೋಗಿ ಸ್ವರಲಿಪಿಗೆ ಇಳಿಸುತ್ತಿದ್ದರು, ಸ್ವರಮೇಳಗಳಲ್ಲಿ ಬಣ್ಣ ಕಾಣುತ್ತಿದ್ದರು. 1963ರ ಒಂದು ಕೃತಿಯ ಸ್ವರಲಿಪಿಯಲ್ಲಿ ಬಣ್ಣಗಳ ಹೆಸರನ್ನೇ ಬರೆದಿಟ್ಟಿದ್ದಾರೆ. ಅವರಿಗೆ ಬಣ್ಣವನ್ನು ಒಂದಾದ ಮೇಲೊಂದರಂತೆ ಹೊರಡಿಸುವ ಅನುಕೂಲವಿತ್ತು. ನನಗೆ ಹೊಟ್ಟೆಕಿಚ್ಚು. ನಿಮ್ಮ ಲೇಖನ ಅವರನ್ನು ಬಿಟ್ಟು ರಷ್ಯಾದ ಚಿತ್ರಕಾರ ಕಾಂಡಿನ್ಸ್ಕಿಯನ್ನು ಉದಾಹರಿಸಿದೆ. ಕಾಂಡಿನ್ಸ್ಕಿಗೆ ನಿಜಕ್ಕೂ ಸಿನೆಸ್ತೇಶಿಯಾ ಇತ್ತೇ ಎಂಬ ಚರ್ಚೆ ಇನ್ನೂ ಮುಗಿದಿಲ್ಲ.

ತರಬೇತಿ ಪಡೆದರೆ ಯಾರಿಗಾದರೂ ಈ ಶಕ್ತಿ ಬರುತ್ತದೆ ಎಂದೂ ಲೇಖನದಲ್ಲಿದೆ. ಬ್ರಿಟನ್ನಿನ ಸಸೆಕ್ಸ್ ವಿಶ್ವವಿದ್ಯಾಲಯದ ಸಂಶೋಧಕರು 14 ಮಂದಿಗೆ ಒಂಬತ್ತು ವಾರ ಅಕ್ಷರ ಮತ್ತು ಬಣ್ಣ ಜೋಡಿಸುವ ಅಭ್ಯಾಸ ಮಾಡಿಸಿ 2014ರಲ್ಲಿ ಫಲಿತಾಂಶ ಪ್ರಕಟಿಸಿದ್ದು ನಿಜ, ಹಲವರಿಗೆ ಅಕ್ಷರದಲ್ಲಿ ಬಣ್ಣ ಕಂಡದ್ದೂ ನಿಜ. ಮೂರು ತಿಂಗಳ ಮೇಲೆ ನೋಡಿದರೆ ಅದು ಬಹುಪಾಲು ಮಾಸಿಹೋಗಿತ್ತು. ನನಗೆ ‘ಕ’ ತಿದ್ದಲು ಕಲಿತಾಗಿನಿಂದ ಮಾಗಿದ ಕೆಂಪು. ಕಾಗುಣಿತ ಹತ್ತಿದರೆ ಛಾಯೆ ಬದಲಾಗುತ್ತದೆ, ‘ಕಿ’ ಸ್ವಲ್ಪ ಬಿಳಿಚಿಕೊಳ್ಳುತ್ತದೆ, ‘ಕೂ’ ಕಪ್ಪಿಡುತ್ತದೆ, ಆದರೆ ಬುಡದ ಕೆಂಪು ಇವತ್ತಿಗೂ ಕದಲಿಲ್ಲ. ಪರೀಕ್ಷಿಸುವವರು ನೋಡುವುದೂ ಇದನ್ನೇ: ಇವತ್ತು ಹೇಳಿದ ಬಣ್ಣವನ್ನೇ ವರ್ಷ ಕಳೆದು ದಿಢೀರನೆ ಕೇಳಿದರೂ ಹೇಳುತ್ತಾರೆಯೇ ಎಂದು. ಮಿದುಳಿನಲ್ಲಿ ಅಂಕಿ ಗುರುತಿಸುವ ಭಾಗವೂ ಬಣ್ಣ ಗುರುತಿಸುವ ಭಾಗವೂ ಅಕ್ಕಪಕ್ಕದಲ್ಲಿರುವುದರಿಂದ ಒಂದರ ಚಟುವಟಿಕೆ ಇನ್ನೊಂದನ್ನು ಎಬ್ಬಿಸುತ್ತದೆ ಎಂದು ಮಿದುಳಿನ ಸಂಶೋಧಕರಾದ ವಿ.ಎಸ್. ರಾಮಚಂದ್ರನ್ ಮತ್ತು ಎಡ್ವರ್ಡ್ ಹಬಾರ್ಡ್ 2001ರಲ್ಲಿ ವಾದಿಸಿದರು. ಒಪ್ಪದವರೂ ಇದ್ದಾರೆ.

ಇನ್ನು ಸಿನೆಸ್ತೇಶಿಯಾ ‘ಕಲಾವಿದರ ವರ’ ಎಂಬ ಲೇಖನದ ಮಾತು. ನಮ್ಮಕ್ಕನಿಗೂ ಇದು ಇದೆ, ಕುಟುಂಬಗಳಲ್ಲಿ ಹೀಗೆ ಹರಿದು ಬರುವುದು ಮಾಮೂಲು. ಅವಳ ಮಂಗಳವಾರ ಕುಂಕುಮದ ಕೆಂಪು, ನನ್ನದು ಪಾಚಿ ಹಸಿರು. ಈ ಜಗಳ ಚಿಕ್ಕಂದಿನಿಂದ ನಡೆದೇ ಇದೆ. ಅವಳು ಲೆಕ್ಕ ಬರೆಯುವ ಕೆಲಸದಲ್ಲಿದ್ದಾಳೆ, ಕುಂಚ ಮುಟ್ಟಿದವಳಲ್ಲ. 2006ರಲ್ಲಿ ಪ್ರಕಟವಾದ ಬ್ರಿಟನ್ನಿನ ಸಮೀಕ್ಷೆಯೊಂದರ ಪ್ರಕಾರ ಎಲ್ಲ ಬಗೆಗಳೂ ಸೇರಿ ನೂರಕ್ಕೆ ಸುಮಾರು 4 ಮಂದಿಗೆ ಸಿನೆಸ್ತೇಶಿಯಾ ಇರುತ್ತದೆ. ಅಷ್ಟು ಜನರೆಲ್ಲ ಕಲಾವಿದರಾಗಿದ್ದರೆ ನಮ್ಮ ಚಿತ್ರ ಯಾರು ನೋಡುತ್ತಿದ್ದರು?

ಆ ನೇರಳೆ ಕಾಡಿನ ಚಿತ್ರ ಕೆಟ್ಟದ್ದೇನಲ್ಲ. ಯಾರೋ ಕೂತು ಪ್ರೀತಿಯಿಂದ ಮಾಡಿದ್ದಾರೆ. ಅದರ ಕೆಳಗೆ ‘ಫೋಟೊ ಆಧರಿಸಿದ ಡಿಜಿಟಲ್ ಚಿತ್ರ’ ಎಂದು ಬರೆದಿದ್ದರೆ ಈ ಪತ್ರವೇ ಇರುತ್ತಿರಲಿಲ್ಲ. ಮುಂದಿನ ವಾರದ ಪುರವಣಿಯಲ್ಲಿ ಹಾಗೊಂದು ತಿದ್ದುಪಡಿ ಹಾಕಿಸಿ ಎಂದು ಕೋರುತ್ತೇನೆ.

ಇಂತಿ,
ನಿಮ್ಮ ಓದುಗಳು, ಒಬ್ಬ ಚಿತ್ರಕಲಾವಿದೆ