ಗೊರಿಲ್ಲಾ ಕೈಗೆ ದೊಣ್ಣೆ ಕೊಟ್ಟರೆ

ಮಾನ್ಯ ಸಂಪಾದಕರೇ,

ದಾಳ ಉರುಳಿಸಿ ಕತೆ ಕಟ್ಟುವ ಫ್ಯಾಂಟಸಿ ಆಟಗಳ ಕುರಿತ ಪುರವಣಿ ಬರಹದಲ್ಲಿ, ಆಟಗಾರನ ಪಾತ್ರದ ಜತೆ ಕಾದಾಡುವ ಸಂಗಾತಿ ಪ್ರಾಣಿಗೆ ಆಯುಧ ಕೊಟ್ಟರೆ ಆಟವೇ ಕೆಡುತ್ತದೆ ಎಂಬ ಮಾತಿತ್ತು. ಈ ಮಾತು ಆಡುವವರಲ್ಲೂ ಚಾಲ್ತಿಯಲ್ಲಿದೆ. ಲೆಕ್ಕ ಮಾತ್ರ ಹಾಗೆ ಹೇಳುವುದಿಲ್ಲ.

ಈ ತಗಾದೆ ಜಾಸ್ತಿ ಏಳುವುದು 2009ರ ಪಾಥ್‌ಫೈಂಡರ್ ಎಂಬ ಆಟದ ಮೊದಲ ಆವೃತ್ತಿಯಲ್ಲಿ. ಡ್ರುಯಿಡ್ ಎಂಬ ಕಾಡಿನ ಮಾಂತ್ರಿಕ ಪಾತ್ರದ ಸಂಗಾತಿ ಗೊರಿಲ್ಲಾಗೆ ಬುದ್ಧಿ ಅಂಕ 2. ನಾಲ್ಕನೇ ಲೆವೆಲ್‌ನಲ್ಲಿ ಸಿಗುವ ಒಂದು ಅಂಕವನ್ನು ಬುದ್ಧಿಗೆ ಹಾಕಿದರೆ 3 ಆಗುತ್ತದೆ. ಆಗ ಅದರ ಮೈಕಟ್ಟಿಗೆ ಒಗ್ಗುವ ಯಾವ ಫೀಟನ್ನಾದರೂ (ವಿಶೇಷ ಪಟ್ಟನ್ನು) ಕಲಿಯಬಹುದು, ಆಯುಧ ಪಳಗಿಕೆಯದೂ ಸೇರಿ. ಎಡವುವುದು ಇಲ್ಲೇ: ಬುದ್ಧಿ ಏರಿದ ದಿನವೇ ದೊಣ್ಣೆ ಕೊಟ್ಟುಬಿಡುತ್ತಾರೆ. ಮುಂದಿನ ಫೀಟ್ ಬರುವುದು ಐದನೇ ಲೆವೆಲ್‌ಗೆ. ಅಲ್ಲಿಯವರೆಗೆ ಪ್ರತಿ ಏಟಿಗೂ ಉರುಳಿಸುವ ಇಪ್ಪತ್ತು ಮುಖದ ದಾಳದ ಅಂಕದಿಂದ 4 ಕಳೆಯಬೇಕು. ಮನುಷ್ಯರ ಅಳತೆಯ ದೊಣ್ಣೆಯಾದರೆ ಇನ್ನೂ 2 ಹೋಗುತ್ತದೆ. ದೇವರಾಯನದುರ್ಗದ ಕೋತಿ ಕೈಚೀಲ ಕಿತ್ತುಕೊಳ್ಳುತ್ತದೆ ನಿಜ, ಹಾಗಂತ ದೊಣ್ಣೆವರಸೆ ಬರುತ್ತದೆಯೇ? ಹಿಡಿಯುವುದು ಬೇರೆ, ಬೀಸುವುದು ಬೇರೆ.

ಈಗ ಐದನೇ ಲೆವೆಲ್‌ನ ಗೊರಿಲ್ಲಾ. ಬಲ 22, ಗಾತ್ರ ಲಾರ್ಜ್ (ದೊಡ್ಡದು), ದಾಳಿಯ ದಾಳಕ್ಕೆ +8. ಎರಡು ಪಂಜ, ಒಂದು ಕಡಿತ. ಒಂದೊಂದಕ್ಕೂ ಆರು ಮುಖದ ಒಂದು ದಾಳ ಮತ್ತು ಬಲದ 6, ಅಂದರೆ ಸರಾಸರಿ 9.5 ಹಾನಿ. ಎದುರಾಳಿಯ ಆರ್ಮರ್ ಕ್ಲಾಸ್, ಅಂದರೆ ಏಟು ತಾಗಲು ಮುಟ್ಟಬೇಕಾದ ಅಂಕ, 17 ಇದ್ದರೆ ನೂರಕ್ಕೆ ಅರವತ್ತು ಏಟು ತಾಗುತ್ತವೆ. ಒಂದು ಸುತ್ತಿನಲ್ಲಿ ಸುಮಾರು 17 ಹಾನಿ.

ಅದೇ ಗೊರಿಲ್ಲಾ ಎರಡೂ ಕೈಯಲ್ಲಿ ತನ್ನ ಅಳತೆಯ ಗ್ರೇಟ್‌ಕ್ಲಬ್ ಎಂಬ ದೊಡ್ಡ ದೊಣ್ಣೆ ಹಿಡಿದರೆ ಎಂಟು ಮುಖದ ಎರಡು ದಾಳ ಮತ್ತು ಒಂದೂವರೆ ಪಾಲು ಬಲದ 9, ಸರಾಸರಿ 18. ಕೇಳಲು ಭಾರಿ. ಆದರೆ ಕೈ ಎರಡೂ ದೊಣ್ಣೆಗೆ ಹೋದವು, ಪಂಜದ ಏಟಿಲ್ಲ. ಕಡಿತ ಎರಡನೇ ದರ್ಜೆಗೆ ಇಳಿದು 5 ಕಳೆಯುತ್ತದೆ, ಅದಕ್ಕೆ ಸೇರುವ ಬಲವೂ ಅರ್ಧ. ಆಯುಧ ಪಳಗದ ಗೊರಿಲ್ಲಾಗೆ ಒಂದು ಸುತ್ತಿನಲ್ಲಿ 9.5, ಫೀಟ್ ಖರ್ಚು ಮಾಡಿ ಪಳಗಿಸಿದರೂ 13 ಚಿಲ್ಲರೆ. ಬರಿಗೈಯೇ ವಾಸಿ!

ಲಾಭ ಇರುವುದು ನಡೆದುಹೋಗಿ ಒಂದೇ ಏಟು ಹೊಡೆಯುವ ಸುತ್ತಿನಲ್ಲಿ. ಆಗ ಪಂಜಕ್ಕೆ ಸರಾಸರಿ 5.7, ಪಳಗಿದ ದೊಣ್ಣೆಗೆ 10.8. ಬೆಳ್ಳಿ ಆಯುಧಕ್ಕೆ ಮಾತ್ರ ಬಗ್ಗುವ ವೈರಿ ಬಂದಾಗಲೂ ಆಯುಧ ಬೇಕಾಗುತ್ತದೆ.

ಆಟ ನಡೆಸುವ ಗೇಮ್ ಮಾಸ್ಟರ್ ಹೆದರಬೇಕಾದದ್ದು ದೊಣ್ಣೆಗಲ್ಲ, ಲಾಂಗ್‌ಸ್ಪಿಯರ್ ಎಂಬ ಉದ್ದನೆಯ ಈಟಿಗೆ. ಲಾರ್ಜ್ ಗೊರಿಲ್ಲಾದ ಕೈ 10 ಅಡಿ ಎಟುಕುತ್ತದೆ, ಈಟಿ ಹಿಡಿದರೆ 20 ಅಡಿ. ಹತ್ತಡಿಯೊಳಗೆ ನುಗ್ಗಿದವರಿಗೆ ಈಟಿ ತಾಗದು, ಆದರೆ ಬಾಯಿ ಇದೆಯಲ್ಲ. ಹತ್ತಿರ ಬರುವವರಿಗೆ ಒಂದು ಸುತ್ತಿನಲ್ಲಿ ಒಮ್ಮೆ ಪುಕ್ಕಟೆ ತಿವಿತ ಕಾದಿರುತ್ತದೆ. ಒಂಬತ್ತನೇ ಲೆವೆಲ್‌ನಲ್ಲಿ ಆಯುಧಕ್ಕೆ ಎರಡನೇ ಏಟು ದಕ್ಕುತ್ತದೆ, ಮಲ್ಟಿ-ಅಟ್ಯಾಕ್ ಎಂಬ ಫೀಟ್ ಬಂದು ಕಡಿತದ ದಂಡ 5ರಿಂದ 2ಕ್ಕೆ ಇಳಿಯುತ್ತದೆ. ಲೆಕ್ಕವನ್ನು ಹೊಸದಾಗಿ ಹಾಕಬೇಕಾದದ್ದು ಆಗ.

ಹನುಮಂತ ಗದೆ ಹಿಡಿಯಲಿಲ್ಲವೇ ಎಂದು ವಾದಿಸುವವರೂ ಇದ್ದಾರೆ. ಆತ ವ್ಯಾಕರಣ ಬಲ್ಲವನು ಸ್ವಾಮಿ, ನಿಯಮದ 'ಅನಿಮಲ್' ವರ್ಗಕ್ಕೆ ಸೇರುವವನಲ್ಲ. ಬುದ್ಧಿ 3 ಆದ ಸಂಗಾತಿಗೂ ಅಪ್ಪಣೆ ಕೊಡುವಾಗ ಹ್ಯಾಂಡಲ್ ಅನಿಮಲ್ (ಪ್ರಾಣಿ ಪಳಗಿಸುವ ಕೌಶಲ) ಪರೀಕ್ಷೆ ಬಿಡಬೇಡಿ: ದಾಳ ಮತ್ತು ಕೌಶಲ ಸೇರಿ ಕಲಿತ ವಿದ್ಯೆಗೆ 10 ಬರಬೇಕು, ಕಲಿಯದ್ದಕ್ಕೆ 25, ಗಾಯಗೊಂಡಿದ್ದರೆ ಇನ್ನೂ 2. 'ದಾಳಿ' ಎಂಬ ವಿದ್ಯೆಯನ್ನು ಒಂದೇ ಬಾರಿ ಕಲಿಸಿದ್ದರೆ ಅದು ಎದ್ದುಬಂದ ಹೆಣಗಳಂಥ ಭೂತಗಳ ಮೇಲೆ ಬೀಳುವುದಿಲ್ಲ, ಅದಕ್ಕೆ ಎರಡು ವಿದ್ಯೆಯ ಜಾಗ ಬೇಕು. ಬಿದ್ದ ಆಯುಧ ಎತ್ತಿಕೊಳ್ಳಲು ಒಂದು ಮೂವ್ ಆ್ಯಕ್ಷನ್ (ಸುತ್ತಿನಲ್ಲಿ ನಡೆಯಲು ಸಿಗುವ ಪಾಲು) ಹೋಗುತ್ತದೆ, ಪಕ್ಕದ ವೈರಿಗೆ ಪುಕ್ಕಟೆ ಏಟೂ ಸಿಗುತ್ತದೆ.

ಬೇರೆ ಆಟಗಳಲ್ಲಿ ಇಷ್ಟು ಗೋಜಿಲ್ಲ. ಡಂಜನ್ಸ್ ಅಂಡ್ ಡ್ರ್ಯಾಗನ್ಸ್‌ನ 2014ರ ನಿಯಮದಲ್ಲಿ ಬೀಸ್ಟ್ ಮಾಸ್ಟರ್ ರೇಂಜರ್ ಎಂಬ ಪ್ರಾಣಿಸಂಗಾತಿಯ ಪಾತ್ರಕ್ಕೆ ಸಿಗುವ ಪ್ರಾಣಿಯ ಚಾಲೆಂಜ್ ರೇಟಿಂಗ್ (ಕಾದಾಟದ ತೂಕ ಹೇಳುವ ಅಂಕ) ಕಾಲು ದಾಟುವಂತಿಲ್ಲ. ಅಲ್ಲಿನ ವಾನರನದು ಅರ್ಧ, ಹಾಗಾಗಿ ಬಾಗಿಲಲ್ಲೇ ವಾಪಸ್.

ತಾವು ಮುಂದೆ ಇಂಥ ಬರಹ ಹಾಕುವಾಗ ಯಾವ ಆಟದ ಯಾವ ಆವೃತ್ತಿ ಎಂಬುದನ್ನು ಮೊದಲ ಸಾಲಿನಲ್ಲೇ ನಮೂದಿಸಬೇಕೆಂದು ವಿನಂತಿ.

— ಕೆಲವು ಆಟಗಾರರು, ತುಮಕೂರು