ಮುರುಗಲು ಕುಡಿಯಿರಿ, ತೂಕ ಇಳಿಸುವ ಮದ್ದೆಂದು ಮಾರಬೇಡಿ

ಮಾನ್ಯ ಸಂಪಾದಕರೇ,

ನಮ್ಮ ಜಿಲ್ಲೆಯ ಪೇಟೆಗಳಲ್ಲಿ, ಮೇಳಗಳಲ್ಲಿ, ಅದಕ್ಕಿಂತ ಹೆಚ್ಚಾಗಿ ಮೊಬೈಲ್ ಸಂದೇಶಗಳಲ್ಲಿ ಈಗ ಎಲ್ಲ ಪಾನೀಯವೂ ತೂಕ ಇಳಿಸುವ ಮದ್ದಾಗಿಬಿಟ್ಟಿದೆ. ಮುರುಗಲು (ಕೋಕಂ, ಪುನರ್ಪುಳಿ) ಸಿರಪ್ಪು, ಉಪ್ಪಾಗೆ ಸಿಪ್ಪೆಯ ಕಷಾಯ, ಜೀರಿಗೆ ನೀರು, ಚಕ್ಕೆ-ಜೇನು, ಖಾಲಿ ಹೊಟ್ಟೆಗೆ ಸೋರೆಕಾಯಿ ರಸ, ಕರಾವಳಿಯಲ್ಲಿ ಬಿಂಬುಳಿ ರಸ. ಇವುಗಳಲ್ಲಿ ಹೆಚ್ಚಿನವು ನಮ್ಮ ಅಡುಗೆಮನೆಯ ಒಳ್ಳೆಯ ಪದಾರ್ಥಗಳೇ. ಆದರೆ ಇವುಗಳಲ್ಲಿ ಒಂದೂ ಕೊಬ್ಬು ಕರಗಿಸುವುದಿಲ್ಲ. ಕೆಲವನ್ನು ಗಟ್ಟಿ ರಸ ಮಾಡಿ ಕುಡಿದರೆ ಮೂತ್ರಪಿಂಡ, ಯಕೃತ್ತಿಗೇ ಪೆಟ್ಟು ಬೀಳುತ್ತದೆ. ಇದನ್ನು ವಿವರವಾಗಿ ಹೇಳಬೇಕಾಗಿರುವುದರಿಂದ ಪತ್ರ ತುಸು ಉದ್ದವಾಗಿದೆ, ದಯವಿಟ್ಟು ಪ್ರಕಟಿಸಿ.

ಉಪ್ಪಾಗೆಯಿಂದಲೇ ಶುರು ಮಾಡುವುದು ಸರಿ, ಏಕೆಂದರೆ ಈ ಪ್ರಚಾರದ ಬೇರು ಅಲ್ಲಿದೆ. ಶಿರಸಿ, ಸಿದ್ದಾಪುರ, ಯಲ್ಲಾಪುರದ ಕಾಡುಗಳಲ್ಲಿ ಮಳೆಗಾಲದಲ್ಲಿ ಹಣ್ಣಾಗುವ ಉಪ್ಪಾಗೆಯೇ ವಿದೇಶಿ ಮಾತ್ರೆಗಳ ಡಬ್ಬಿಯ ಮೇಲಿರುವ ‘ಗಾರ್ಸಿನಿಯಾ ಕಂಬೋಜಿಯಾ’. ಬಿಸಿಲಿಲ್ಲದ ಕಾಲದಲ್ಲಿ ಸಿಗುವ ಹಣ್ಣಾದ್ದರಿಂದ ಅದರ ಸಿಪ್ಪೆಯನ್ನು ಒಲೆಯ ಮೇಲೆ ಹೊಗೆ ಹಾಕಿ ಕಪ್ಪಗೆ ಒಣಗಿಸುತ್ತಾರೆ. ಬೀಜದಿಂದ ತುಪ್ಪ ತೆಗೆಯುವುದೂ ಇಲ್ಲಿಯವರಿಗೆ ಗೊತ್ತಿರುವ ವಿದ್ಯೆ. ಒಣ ಸಿಪ್ಪೆಯ ತೂಕದಲ್ಲಿ ಶೇ 10ರಿಂದ 30ರವರೆಗೂ ಹೈಡ್ರಾಕ್ಸಿಸಿಟ್ರಿಕ್ ಆಮ್ಲ ಇರುತ್ತದೆ. ಮುರುಗಲಿನಲ್ಲಿಯೂ ಇದೇ ಆಮ್ಲವಿದೆ. ನಾವು ತಿಂದ ಅನ್ನ-ಸಕ್ಕರೆ ದೇಹದಲ್ಲಿ ಕೊಬ್ಬಾಗಿ ಬದಲಾಗುವ ದಾರಿಯಲ್ಲಿ ಒಂದು ಕಿಣ್ವವಿದೆ. ಈ ಆಮ್ಲ ಅದನ್ನು ತಡೆಯುತ್ತದೆ. ಇಲಿಗಳ ಮೇಲಿನ ಪ್ರಯೋಗಗಳಲ್ಲಿ ಅದು ಕೆಲಸ ಮಾಡಿದ್ದು ನಿಜ.

ಮನುಷ್ಯರಲ್ಲಿ ಹಾಗಾಗಲಿಲ್ಲ. ಅಮೆರಿಕದ ವೈದ್ಯಕೀಯ ಸಂಘದ ಪತ್ರಿಕೆಯಲ್ಲಿ 1998ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ 135 ಜನರಿದ್ದರು. ಒಂದು ಗುಂಪಿಗೆ ದಿನಕ್ಕೆ 1500 ಮಿಲಿಗ್ರಾಂ ಈ ಆಮ್ಲ, ಇನ್ನೊಂದು ಗುಂಪಿಗೆ ಏನೂ ಇಲ್ಲದ ಹುಸಿ ಮಾತ್ರೆ, ಇಬ್ಬರಿಗೂ ಪಥ್ಯದ ಊಟ. 12 ವಾರಗಳ ನಂತರ ಆಮ್ಲ ತೆಗೆದುಕೊಂಡವರು ಸರಾಸರಿ 3.2 ಕಿಲೊ ಇಳಿದಿದ್ದರು, ಹುಸಿ ಮಾತ್ರೆಯವರು 4.1 ಕಿಲೊ. ತೂಕ ಇಳಿಸಿದ್ದು ಪಥ್ಯ. ಇದಕ್ಕೆ ಕಾರಣವೂ ಸರಳ: ಮನುಷ್ಯನ ಮೈಯಲ್ಲಿ ಕೂಡುವ ಕೊಬ್ಬಿನ ಬಹುಪಾಲು ತಿಂದ ಎಣ್ಣೆ-ತುಪ್ಪ-ಕಾಯಿಯಿಂದಲೇ ನೇರವಾಗಿ ಬರುತ್ತದೆ. ಸಕ್ಕರೆಯನ್ನು ಕೊಬ್ಬು ಮಾಡುವ ಆ ದಾರಿ ನಮ್ಮಲ್ಲಿ ಅಷ್ಟು ಬಳಕೆಯಲ್ಲಿಲ್ಲ. ಸಿಪ್ಪೆಯನ್ನು ಗಂಟೆಗಟ್ಟಲೆ ಕುದಿಸಿ ಬತ್ತಿಸಿದರೆ ಇನ್ನೊಂದು ತೊಂದರೆ. ಶಾಖಕ್ಕೆ ಈ ಆಮ್ಲದ ಒಂದು ಭಾಗ ಲ್ಯಾಕ್ಟೋನ್ ಎಂಬ ರೂಪಕ್ಕೆ ತಿರುಗಿ ಇನ್ನೂ ನಿಸ್ಸತ್ವವಾಗುತ್ತದೆ. ಉಳಿಯುವುದು ಹಲ್ಲಿನ ಮೇಲ್ಪದರ ಸವೆಸುವ, ಹೊಟ್ಟೆ ಉರಿಸುವ ಹುಳಿ ಮಾತ್ರ. ಗಾರ್ಸಿನಿಯಾ ಸಾರದ ಮಾತ್ರೆ ನುಂಗಿ ಯಕೃತ್ತು ಕೆಟ್ಟ ಪ್ರಕರಣಗಳು ವೈದ್ಯಕೀಯ ಪತ್ರಿಕೆಗಳಲ್ಲಿ ದಾಖಲಾಗಿವೆ. ಸಾರಿಗೆ, ಮೀನಿನ ಪದಾರ್ಥಕ್ಕೆ ಒಂದೆರಡು ಸಿಪ್ಪೆ ಹಾಕುವುದಕ್ಕೂ ಇದಕ್ಕೂ ಸಂಬಂಧವಿಲ್ಲ, ಹೆದರಬೇಕಾಗಿಲ್ಲ.

ಮುರುಗಲು ಸಿರಪ್ಪಿನ ಕಥೆ ಬೇರೆ. ಮನೆಯಲ್ಲಿ ಮಾಡುವ ಕ್ರಮ ಎಲ್ಲರಿಗೂ ಗೊತ್ತು: ಬೀಜ ತೆಗೆದ ತಾಜಾ ಸಿಪ್ಪೆ 1 ಕಿಲೊ, ಸಕ್ಕರೆ 2 ಕಿಲೊ, ಭರಣಿಯಲ್ಲಿ ಪದರ ಪದರವಾಗಿ ತುಂಬಿ ಸಕ್ಕರೆ ಪೂರ್ತಿ ಕರಗುವವರೆಗೆ ಒಂದು ವಾರ ಬಿಸಿಲಿಗಿಡುವುದು. ಸಕ್ಕರೆಯ ಸಾಂದ್ರತೆ ಶೇ 65ರ ಆಸುಪಾಸಿನಲ್ಲಿರುವುದರಿಂದಲೇ ಅದು ವರ್ಷವಿಡೀ ಕೆಡದೆ ಇರುತ್ತದೆ. ‘ಆರೋಗ್ಯಕ್ಕೆ’ ಎಂದು ಸಕ್ಕರೆಯನ್ನು ಸಿಪ್ಪೆಯಷ್ಟೇ ಹಾಕಿದರೆ ಕೆಲವೇ ದಿನಗಳಲ್ಲಿ ನೊರೆ ಬಂದು ಹುದುಗುತ್ತದೆ, ಬಾಟಲಿ ಬಿರಡೆ ಹಾರುತ್ತದೆ. ಹಾಗಾಗಿ ಮಾರುವವರು ಸಕ್ಕರೆ ಕಡಿಮೆ ಮಾಡಲಾರರು, ಅದು ಅವರ ತಪ್ಪಲ್ಲ. ಲೆಕ್ಕ ಮಾತ್ರ ಕುಡಿಯುವವರಿಗೆ ಗೊತ್ತಿರಬೇಕು. ಒಂದು ಲೋಟಕ್ಕೆ ಬೆರೆಸುವ 30 ಮಿ.ಲೀ. ಸಿರಪ್ಪು ಸುಮಾರು 40 ಗ್ರಾಂ ತೂಗುತ್ತದೆ. ಅದರಲ್ಲಿ ಸಕ್ಕರೆ 25 ಗ್ರಾಂ, ಅಂದರೆ 100 ಕ್ಯಾಲೊರಿ. ಹೊರಗಿನಿಂದ ಸೇರಿಸಿದ ಸಕ್ಕರೆ ದಿನಕ್ಕೆ 25 ಗ್ರಾಂ ಒಳಗಿದ್ದರೆ ಒಳ್ಳೆಯದೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಒಂದೇ ಲೋಟಕ್ಕೆ ದಿನದ ಪಾಲು ಮುಗಿಯಿತು. ತೂಕ ಇಳಿಯಲೆಂದು ಬೆಳಿಗ್ಗೆ ಒಂದು, ಸಂಜೆ ಒಂದು ಲೋಟ ಕುಡಿಯುವವರು ತಿಂಗಳಿಗೆ 6000 ಕ್ಯಾಲೊರಿ ಸೇರಿಸಿಕೊಳ್ಳುತ್ತಿದ್ದಾರೆ. 1 ಕಿಲೊ ಮೈಕೊಬ್ಬು ಎಂದರೆ ಸುಮಾರು 7700 ಕ್ಯಾಲೊರಿ.

ಮುರುಗಲು ಬಿಡಬೇಕಾಗಿಲ್ಲ, ಸಕ್ಕರೆ ಬಿಟ್ಟರೆ ಸಾಕು. ಒಣ ಸಿಪ್ಪೆ 8-10 ತೆಗೆದುಕೊಂಡು ಮೊದಲು ಒಮ್ಮೆ ನೀರಿನಲ್ಲಿ ಜಾಲಿಸಿ ಚೆಲ್ಲಿ. ಒಣಗಿಸುವಾಗ ಉಪ್ಪು ಹಾಕಿರುತ್ತಾರೆ, ರಕ್ತದೊತ್ತಡ ಇರುವವರಿಗೆ ಅದು ಮುಖ್ಯ. ಆಮೇಲೆ ಅರ್ಧ ಲೀಟರ್ ತಣ್ಣೀರಿನಲ್ಲಿ ಎರಡು-ಮೂರು ತಾಸು ನೆನೆಸಿ, ಕಿವುಚಿ, ಸೋಸಿ. ಹುರಿದ ಜೀರಿಗೆ ಪುಡಿ ಅರ್ಧ ಚಮಚ, ಜಜ್ಜಿದ ಹಸಿಮೆಣಸು ಒಂದು, ಚಿಟಿಕೆ ಇಂಗು. ಹುಳಿ ಜಾಸ್ತಿಯಾದರೆ ನೀರು ಸೇರಿಸಿ, ಬೆಲ್ಲ ಬೇಡ. ಕುದಿಸಬೇಡಿ, ಕೆಂಪು ಬಣ್ಣ ಕಂದಾಗುತ್ತದೆ. ಸ್ಟೀಲು, ಗಾಜು ಅಥವಾ ಮಣ್ಣಿನ ಪಾತ್ರೆಯೇ ಆಗಬೇಕು. ಅಲ್ಯುಮಿನಿಯಂ, ಕಲಾಯಿ ಇಲ್ಲದ ಹಿತ್ತಾಳೆ-ತಾಮ್ರವನ್ನು ಹುಳಿ ತಿನ್ನುತ್ತದೆ. ಕಾರವಾರದ ಕಡೆ ಮುರುಗಲಿಗೆ ಕಾಯಿಹಾಲು ಸೇರಿಸಿ ಮಾಡಿ ಮೀನೂಟದ ಕೊನೆಗೆ ಕುಡಿಯುವ ಸೋಲ್ ಕಡಿಯೂ ರುಚಿಯಲ್ಲಿ ಯಾವುದಕ್ಕೂ ಕಡಿಮೆಯಿಲ್ಲ. ಆದರೆ ದಪ್ಪ ಕಾಯಿಹಾಲು 100 ಮಿ.ಲೀ.ಗೆ 200 ಕ್ಯಾಲೊರಿಯಷ್ಟಾಗುತ್ತದೆ. ಅದನ್ನು ಊಟದ ಭಾಗವೆಂದು ಎಣಿಸಿ, ಪಥ್ಯವೆಂದು ಬೇಡ.

ಘಟ್ಟದ ಮೇಲಿನ ಕಷಾಯಕ್ಕೂ ಇದೇ ಮಾತು. ಕೊತ್ತಂಬರಿ 250 ಗ್ರಾಂ, ಜೀರಿಗೆ 100, ಕಾಳುಮೆಣಸು 25, ಮೆಂತ್ಯ 25, ಒಣಶುಂಠಿ 25: ಹೀಗೆ ಒಂದು ಸಾಧಾರಣ ಹದ. ಒಂದೊಂದನ್ನೂ ಬೇರೆ ಬೇರೆಯಾಗಿ ಸಣ್ಣ ಉರಿಯಲ್ಲಿ ಹುರಿಯಬೇಕು. ಮೆಂತ್ಯ ಸ್ವಲ್ಪ ಕೆಂಪಾದೊಡನೆ ಇಳಿಸದಿದ್ದರೆ ಇಡೀ ಪುಡಿ ಕಹಿಯಾಗುತ್ತದೆ. ಪೂರ್ತಿ ಆರಿದ ಮೇಲೆಯೇ ಪುಡಿ ಮಾಡಬೇಕು. ಬಿಸಿ ಇರುವಾಗ ಡಬ್ಬಿಗೆ ತುಂಬಿದರೆ ಬೆವರಿ ಗಂಟಾಗುತ್ತದೆ, ನಮ್ಮ ಮಳೆಗಾಲದಲ್ಲಿ ಬೂಸ್ಟು ಹಿಡಿಯಲು ಬೇರೇನೂ ಬೇಕಿಲ್ಲ. ಬೂಸ್ಟು ಕಂಡ ಪುಡಿಯನ್ನು ಮತ್ತೆ ಹುರಿದು ಬಳಸಬೇಡಿ, ಬೂಸ್ಟಿನ ವಿಷ ಹುರಿದರೆ ಪೂರ್ತಿ ಹೋಗುವುದಿಲ್ಲ. ಒಂದು ಚಮಚ ಪುಡಿ, ಒಂದೂವರೆ ಲೋಟ ನೀರು, ಐದು ನಿಮಿಷ ಕುದಿ. ಕುಡಿಯಲು ಹಿತ, ಚಹಾಕ್ಕೆ ಒಳ್ಳೆಯ ಬದಲಿ. ಆದರೆ ಅದಕ್ಕೆ 100 ಮಿ.ಲೀ. ಹಾಲು, ಎರಡು ಚಮಚ ಬೆಲ್ಲ ಸೇರಿದರೆ ಅದೂ 100 ಕ್ಯಾಲೊರಿಯೇ. ಜೋನಿಬೆಲ್ಲ ದೊಡ್ಡ ಚಮಚಕ್ಕೆ 55, ಜೇನು 60. ಸಕ್ಕರೆ ಬಿಟ್ಟು ಜೇನು ಹಿಡಿದವರು ತೂಕದ ಮಟ್ಟಿಗೆ ಏನೂ ಬಿಟ್ಟಂತಾಗಲಿಲ್ಲ.

ಹಾಗಾದರೆ ಜೀರಿಗೆ ನೀರು ಕುಡಿದವರ ತೂಕ ಕೆಲವೊಮ್ಮೆ ಇಳಿಯುವುದೇಕೆ? ಮುಖ್ಯವಾಗಿ ನೀರಿನಿಂದ, ಮತ್ತು ಅದು ಬಂದಮೇಲೆ ಬಿಟ್ಟುಹೋದ ಸಿಹಿ ಚಹಾದಿಂದ. ಊಟಕ್ಕೆ ಅರ್ಧ ತಾಸು ಮೊದಲು ಅರ್ಧ ಲೀಟರ್ ಬರೀ ನೀರು ಕುಡಿದ, ಪಥ್ಯದಲ್ಲೂ ಇದ್ದ ನಡುವಯಸ್ಸು ದಾಟಿದವರು 12 ವಾರಗಳಲ್ಲಿ ಬರೀ ಪಥ್ಯದವರಿಗಿಂತ ಸುಮಾರು 2 ಕಿಲೊ ಹೆಚ್ಚು ಇಳಿದರೆಂದು 2010ರಲ್ಲಿ ಅಮೆರಿಕದಲ್ಲಿ ಪ್ರಕಟವಾದ ಒಂದು ಅಧ್ಯಯನ ಹೇಳುತ್ತದೆ. ಜೀರಿಗೆ ಹಾಕಿದರೆ ರುಚಿ, ಅಷ್ಟೇ. ಹೃದಯ, ಮೂತ್ರಪಿಂಡದ ತೊಂದರೆಯಿಂದ ನೀರಿಗೆ ಮಿತಿ ಹೇಳಿಸಿಕೊಂಡವರು ಇದನ್ನು ಮಾಡಬಾರದು. ಎರಡೇ ದಿನದಲ್ಲಿ ಎರಡು ಕಿಲೊ ಇಳಿಸುವ ‘ಡಿಟಾಕ್ಸ್’ ಪುಡಿಗಳಲ್ಲಿ ಸೋನಾಮುಖಿ ಇದೆಯೇ ಎಂದು ಮೊದಲು ನೋಡಿ. ಅದು ಭೇದಿ ಮಾಡಿಸುತ್ತದೆ, ಹೋಗುವುದು ನೀರು ಮತ್ತು ಪೊಟ್ಯಾಸಿಯಂ. ಕೊಬ್ಬು ಅಲ್ಲೇ ಇರುತ್ತದೆ.

ಈಗ ನಿಜವಾಗಿ ಅಪಾಯದ ಮಾತು. ಅಂಕೋಲಾ, ಕುಮಟಾ, ಹೊನ್ನಾವರದ ಹಿತ್ತಿಲುಗಳಲ್ಲಿ ಕಾಂಡದ ತುಂಬ ಗೊಂಚಲು ಗೊಂಚಲಾಗಿ ಬಿಡುವ ಬಿಂಬುಳಿಯಲ್ಲಿ ಆಕ್ಸಾಲಿಕ್ ಆಮ್ಲ ಬಹಳ. ಉಪ್ಪಿನಕಾಯಿಗೆ, ಮೀನಿಗೆ ನಾಲ್ಕೈದು ಕಾಯಿ ಹಾಕಿದಾಗ ಮನೆಯವರೆಲ್ಲರ ಪಾಲಿಗೆ ಬರುವುದು ಸ್ವಲ್ಪವೇ. ಆದರೆ ಕೊಲೆಸ್ಟರಾಲ್, ತೂಕ ಇಳಿಯಲೆಂದು ಹತ್ತಾರು ಕಾಯಿ ರುಬ್ಬಿ ಖಾಲಿ ಹೊಟ್ಟೆಗೆ ಕುಡಿದರೆ ಆ ಆಮ್ಲ ಒಮ್ಮೆಲೇ ರಕ್ತಕ್ಕೆ ಸೇರಿ, ಸುಣ್ಣದ ಅಂಶದೊಂದಿಗೆ ಕೂಡಿ, ಮೂತ್ರಪಿಂಡದ ಸಣ್ಣ ನಳಿಕೆಗಳಲ್ಲಿ ಹರಳುಗಟ್ಟುತ್ತದೆ. ಹೀಗೆ ರಸ ಕುಡಿದು ಮೂತ್ರಪಿಂಡ ಕೈಕೊಟ್ಟ ಕೇರಳದ 10 ಜನರ ವರದಿ 2013ರಲ್ಲಿ ಭಾರತದ ಮೂತ್ರಪಿಂಡ ತಜ್ಞರ ಪತ್ರಿಕೆಯಲ್ಲಿ ಬಂದಿದೆ. ಅವರಲ್ಲಿ 7 ಜನರಿಗೆ ಡಯಾಲಿಸಿಸ್ ಮಾಡಬೇಕಾಯಿತು. ಬೇಸಿಗೆಯಲ್ಲಿ ಮೈಯ ನೀರು ಬತ್ತಿದಾಗ, ಸಕ್ಕರೆ ಕಾಯಿಲೆಯಿಂದ ಮೂತ್ರಪಿಂಡ ಮೊದಲೇ ಸೋತಿದ್ದಾಗ ಇದು ಇನ್ನೂ ಬೇಗ ಆಗುತ್ತದೆ. ರಸ ಕುಡಿದ ಮೇಲೆ ಸೊಂಟದ ಮೇಲ್ಭಾಗದಲ್ಲಿ ನೋವು, ವಾಂತಿ, ಮೂತ್ರ ಕಡಿಮೆಯಾಗುವುದು ಕಂಡರೆ ಅದೇ ದಿನ ಆಸ್ಪತ್ರೆಗೆ ಹೋಗಿ, ಬಿಂಬುಳಿ ರಸ ಕುಡಿದಿದ್ದನ್ನು ಬಾಯಿಬಿಟ್ಟು ಹೇಳಿ. ಹೇಳದಿದ್ದರೆ ವೈದ್ಯರಿಗೆ ಆ ಸಂಶಯ ಬರುವುದು ಕಷ್ಟ.

ಸೋರೆಕಾಯಿಯನ್ನು ರಸ ತೆಗೆಯುವ ಮೊದಲು ಒಂದು ತುಂಡು ನಾಲಿಗೆಗೆ ಮುಟ್ಟಿಸಿ ನೋಡಲೇಬೇಕು. ಕಹಿಯಿದ್ದರೆ ಅದರಲ್ಲಿ ಕುಕುರ್ಬಿಟಾಸಿನ್ ಎಂಬ ವಿಷವಿದೆ. ಉಪ್ಪು, ನಿಂಬೆ, ಜೇನು ಯಾವುದೂ ಅದನ್ನು ತೆಗೆಯುವುದಿಲ್ಲ. ‘ಕಹಿ ಇದ್ದಷ್ಟೂ ಔಷಧ’ ಎಂದು ಕುಡಿದವರಿಗೆ ರಕ್ತವಾಂತಿ, ರಕ್ತದೊತ್ತಡ ಕುಸಿತ, ಸಾವೂ ಆಗಿದೆ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ತಜ್ಞರೂ ಕಹಿ ರಸ ಕುಡಿಯಬಾರದೆಂದೇ ಹೇಳಿದ್ದಾರೆ. ಪೇಟೆಯ ದಪ್ಪ ಚಕ್ಕೆ ಹೆಚ್ಚಾಗಿ ಕ್ಯಾಸಿಯಾ ಎಂಬ ಬೇರೆ ಮರದ ತೊಗಟೆ. ಅದರಲ್ಲಿರುವ ಕೂಮರಿನ್ ಎಂಬ ಅಂಶ ಯಕೃತ್ತಿಗೆ ಭಾರ, ದಿನಾ ಚಮಚಗಟ್ಟಲೆ ಪುಡಿ ಕಲಸಿ ಕುಡಿಯುವ ಪದಾರ್ಥವಲ್ಲ. ಕಷಾಯಕ್ಕೆ ಜ್ಯೇಷ್ಠಮಧು ಧಾರಾಳ ಹಾಕಿ ತಿಂಗಳುಗಟ್ಟಲೆ ಕುಡಿದರೆ ರಕ್ತದೊತ್ತಡ ಏರಿ ಪೊಟ್ಯಾಸಿಯಂ ಇಳಿಯುತ್ತದೆ. ಅಮೃತಬಳ್ಳಿ ಸೇವಿಸಿದ 6 ಜನರಲ್ಲಿ ಯಕೃತ್ತಿನ ಉರಿಯೂತ ಕಂಡುಬಂದುದನ್ನು ಮುಂಬೈ ವೈದ್ಯರು 2021ರಲ್ಲಿ ವರದಿ ಮಾಡಿದರು. ಆಯುಷ್ ಸಚಿವಾಲಯ ಅದನ್ನು ಒಪ್ಪಲಿಲ್ಲ, ಅದೇ ಜಾತಿಯ ಬೇರೆ ಬಳ್ಳಿ ಇರಬಹುದೆಂದಿತು. ಯಾವ ಬಳ್ಳಿ ಎಂದು ಖಚಿತವಿಲ್ಲದೆ ಬೇಲಿಯಿಂದ ಕಿತ್ತು ಕುದಿಸುವವರಿಗಂತೂ ಎರಡೂ ಮಾತು ಎಚ್ಚರಿಕೆಯೇ. ಸಕ್ಕರೆ ಕಾಯಿಲೆಯ ಮಾತ್ರೆ ಅಥವಾ ಇನ್ಸುಲಿನ್ ತೆಗೆದುಕೊಳ್ಳುವವರು ಮೆಂತ್ಯ ನೀರು ಶುರು ಮಾಡುವಾಗ ವೈದ್ಯರಿಗೆ ತಿಳಿಸಬೇಕು. ಗರ್ಭಿಣಿಯರು, ಹಾಲುಣಿಸುವ ತಾಯಂದಿರು ತೂಕದ ಹೆಸರಿನ ಯಾವ ಕಷಾಯಕ್ಕೂ ಕೈ ಹಾಕಬಾರದು.

ಸಂಪಾದಕರೇ, ಪತ್ರಿಕೆಗಳಿಗೂ ಇಲ್ಲಿ ಕೆಲಸವಿದೆ. 1954ರ ಔಷಧ ಮತ್ತು ಮಾಂತ್ರಿಕ ಪರಿಹಾರಗಳ ಆಕ್ಷೇಪಾರ್ಹ ಜಾಹೀರಾತು ಕಾಯ್ದೆಯ ಅನುಸೂಚಿಯಲ್ಲಿ ಬೊಜ್ಜು ಸೇರಿದೆ. ಬೊಜ್ಜು ಗುಣಪಡಿಸುತ್ತದೆಂದು ಔಷಧದ ಜಾಹೀರಾತು ಕೊಡುವಂತಿಲ್ಲ. ಆಹಾರವೆಂದು ಮಾರುವುದಾದರೆ 2006ರ ಆಹಾರ ಸುರಕ್ಷತೆ ಕಾಯ್ದೆಯ 53ನೇ ಸೆಕ್ಷನ್ ಪ್ರಕಾರ ದಾರಿತಪ್ಪಿಸುವ ಜಾಹೀರಾತಿಗೆ 10 ಲಕ್ಷ ರೂಪಾಯಿವರೆಗೆ ದಂಡವಿದೆ. ಒಳಪುಟದ ಸಣ್ಣ ಜಾಹೀರಾತುಗಳನ್ನೂ, ಮನೆಮದ್ದಿನ ಅಂಕಣಗಳನ್ನೂ ಈ ಕಣ್ಣಿನಿಂದ ಒಮ್ಮೆ ನೋಡಬೇಕೆಂದು ಕೋರುತ್ತೇವೆ. ಬೆಳಿಗ್ಗೆ ಪತ್ರಿಕೆಯಲ್ಲಿ ಬಂದದ್ದನ್ನು ಜನ ಸಂಜೆಗೆ ಮಾಡಿ ಕುಡಿಯುತ್ತಾರೆ.

ನಮ್ಮ ಸ್ವಸಹಾಯ ಸಂಘಗಳ, ಗೃಹೋದ್ಯಮದ ಹೆಣ್ಣುಮಕ್ಕಳು ಕಷ್ಟಪಟ್ಟು ಮಾಡುವ ಮುರುಗಲು ಸಿರಪ್ಪು, ಕಷಾಯ ಪುಡಿ ಚೆನ್ನಾಗಿ ಮಾರಾಟವಾಗಲಿ ಎಂಬುದೇ ನಮ್ಮ ಆಸೆ. ‘ತೂಕ ಇಳಿಸುತ್ತದೆ’ ಎಂಬ ಸಾಲನ್ನು ಚೀಟಿಯಿಂದ ತೆಗೆಯಿರಿ. ಅದೇ ಜಾಗದಲ್ಲಿ ತಯಾರಿಸಿದ ದಿನಾಂಕ, ಒಂದು ಲೋಟಕ್ಕೆ ಎಷ್ಟು ಮಿ.ಲೀ. ಬೆರೆಸಬೇಕು, ಅಷ್ಟರಲ್ಲಿ ಎಷ್ಟು ಗ್ರಾಂ ಸಕ್ಕರೆ ಇದೆ, ಕಷಾಯ ಪುಡಿಯಾದರೆ ಜ್ಯೇಷ್ಠಮಧು ಇದೆಯೋ ಇಲ್ಲವೋ, ಇಷ್ಟನ್ನು ಕನ್ನಡದಲ್ಲಿ, ಹಿರಿಯರ ಕಣ್ಣಿಗೆ ಕಾಣುವಷ್ಟು ದೊಡ್ಡ ಅಕ್ಷರದಲ್ಲಿ ಹಾಕಿ. ಸಿರಪ್ಪಿನ ಪಕ್ಕದಲ್ಲೇ ಒಣಗಿದ ಸಿಪ್ಪೆಯ ಪೊಟ್ಟಣವನ್ನೂ, ಸಕ್ಕರೆಯಿಲ್ಲದೆ ನೆನೆಸಿ ಕುಡಿಯುವ ಕ್ರಮವನ್ನೂ ಇಟ್ಟರೆ ಕೊಳ್ಳುವವರು ಎರಡರಲ್ಲಿ ತಮಗೆ ಬೇಕಾದ್ದನ್ನು ಆರಿಸಿಕೊಳ್ಳುತ್ತಾರೆ.

ಇಂತಿ,
ಆಹಾರ ತಯಾರಿಕೆಯ ಕೆಲಸದಲ್ಲಿರುವ ಓದುಗರು,
ಶಿರಸಿ